ಜೇನು ಕೂರದ ಹುಚ್ಚೆಳ್ಳು

ಬಿಸಿಲಿಗೂ ಮಳೆಗೂ ನಡುವೆ ಒಂದು ಊರಿತ್ತು. ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿಯವರು ನನ್ನ ಮನೆ ಬಾಗಿಲಿಗೇ ಬಂದು ಜಗಳಕ್ಕೆ ನಿಲ್ಲುತ್ತಾರೆ. ತಾವು ಬಹಳ ಒಳ್ಳೆಯವರು ಅಂತ ಅವರಿಗೆ ಗಟ್ಟಿ ನಂಬಿಕೆ. ಸುಳ್ಳೇನಲ್ಲ ಬಿಡಿ, ಬಂದವರಿಗೆ ನೀರು ಬೆಲ್ಲ ಕೊಡದೆ ಮಾತಾಡಿಸಿದವರಲ್ಲ, ಹಸಿದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವರಲ್ಲ. ಅವರ ಕಣಜ ಯಾವ ವರ್ಷವೂ ಬರಿದಾಗಿರಲಿಲ್ಲ. ಅವರ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಪ್ಪಗೆ, ತಣ್ಣಗೆ, ಪುಡಿಪುಡಿಯಾಗಿ ಉದುರುತ್ತಿತ್ತು. ಅಂಥ ಮಣ್ಣು ಸುಮ್ಮನೆ ಬರುತ್ತದೆಯೇ? ಅದಕ್ಕೊಂದು ಕಟ್ಟಳೆ ಇತ್ತು.

ಬೇಸಿಗೆಯ ಮೊದಲ ಹದಮಳೆ ಬಿದ್ದ ಕೂಡಲೆ ಊರ ಮುಂದಿನ ದೊಡ್ಡ ಹೊಲಕ್ಕೆ ಬೆರಕೆ ಬೀಜ ಚೆಲ್ಲಬೇಕು. ಸೆಣಬು, ಹುರುಳಿ, ಅಲಸಂದೆ, ಸಜ್ಜೆ, ಎಳ್ಳು, ಹುಚ್ಚೆಳ್ಳು, ಎಲ್ಲ ಒಟ್ಟಿಗೆ, ಒಂದರ ಕಾಲ ಮೇಲೊಂದು. ಅದು ತಿನ್ನುವುದಕ್ಕಲ್ಲ, ಮಾರುವುದಕ್ಕಲ್ಲ. ಅದು ಬೆಳೆಯಬೇಕು, ಮೈತುಂಬ ಹೂ ಬಿಡಬೇಕು, ಊರಂಚಿನ ದೊಡ್ಡ ಬಂಡೆಯ ಮೇಲಿನ ಹೆಜ್ಜೇನು ಇಳಿದು ಬಂದು ಹೊಲವೆಲ್ಲ ಗುಂಯ್ ಎನ್ನಬೇಕು. ಆಗ ಅದರ ಮೇಲೆ ರೋಣಗಲ್ಲು ಹಾಯಿಸಬೇಕು. ಕಣದಲ್ಲಿ ತೆನೆ ಮೇಲೆ ಎತ್ತು ಕಟ್ಟಿ ಉರುಳಿಸುತ್ತಾರಲ್ಲ, ಅದೇ ಉದ್ದನೆಯ ಗುಂಡುಕಲ್ಲು. ಕಲ್ಲು ಮಲಗಿಸಿದ್ದನ್ನು ನೇಗಿಲು ಮಣ್ಣಿಗೆ ಮಗುಚಬೇಕು. ಕಾಯಿ ಕಟ್ಟಲು ಮಾತ್ರ ಬಿಡಬಾರದು. ಕಾಯಿ ಕಟ್ಟಿತೋ, ಸತ್ವವೆಲ್ಲ ಕಾಯಿಗೆ ಹೋಯಿತು, ಮಣ್ಣಿಗೆ ದಕ್ಕುವುದು ಬರೀ ಕಡ್ಡಿ.

ಇದು ಎಲ್ಲ ಕಡೆ ಮಾಡುವುದೇ, ಇದರಲ್ಲೇನು ಹೆಚ್ಚುಗಾರಿಕೆ ಅಂತೀರಿ. ಸ್ವಲ್ಪ ತಡೆಯಿರಿ. ಆ ಊರಿನಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳೂ ಬೆರಕೆಗೇ ಸೇರಿದವರು.

ಬೇಸಿಗೆಯ ಮಗುವಿಗೆ ಬೀಜದ ಹೆಸರು. ಮೊದಲ ತುಪ್ಪ ಅದಕ್ಕೆ, ಕೆನೆ ಅದಕ್ಕೆ, ಹೊಸ ಬಟ್ಟೆ ಅದಕ್ಕೆ. ಹೊಡೆಯುವಂತಿಲ್ಲ, ಗದರುವಂತಿಲ್ಲ. ಬೇಕಾದ್ದು ಕಲಿಯಲಿ, ಹಾಡಲಿ, ಕುಣಿಯಲಿ, ಚೆನ್ನಾಗಿ ಅರಳಲಿ ಅಂತ ಇಡೀ ಊರು ಅದನ್ನು ಅಂಗೈಯಲ್ಲಿಟ್ಟು ಸಾಕುತ್ತಿತ್ತು. ವರ್ಷವರ್ಷ ರೋಣಗಲ್ಲು ಹಾಯಿಸುವ ದಿನ, ಅದನ್ನು ಹೂದಿನ ಅನ್ನುತ್ತಿದ್ದರು, ಬೇಸಿಗೆಯವರೆಲ್ಲ, ಮಕ್ಕಳಿಂದ ಮುದುಕರವರೆಗೆ, ತಲೆಯ ಮೇಲೆ ಬಟ್ಟೆಯಿಲ್ಲದೆ ಈ ಬದುವಿನಿಂದ ಆ ಬದುವಿಗೆ ಹೂವಿನ ನಡುವೆ ನಡೆದುಹೋಗಬೇಕು. ಯಾರ ಎದೆ ಆ ಹೊತ್ತಿನಲ್ಲಿ ತುಂಬಿರುತ್ತದೋ ಅವರ ಮೇಲೆ ಜೇನು ಬಂದು ಕೂರುತ್ತದೆ. ಕಚ್ಚುವುದಿಲ್ಲ, ಸುಮ್ಮನೆ ಕೂರುತ್ತದೆ. ಕೂತ ಜೇನನ್ನು ಝಾಡಿಸುವ ಹಾಗಿಲ್ಲ. ಕೂತಿತು ಅಂದರೆ ಅವರು ಹೂ ಬಿಟ್ಟರು ಅಂತ ಲೆಕ್ಕ. ಅವರು ಅಲ್ಲೇ, ಹೂವಿನ ನಡುವೆ, ಮಲಗಬೇಕು.

ಆಮೇಲೆ ರೋಣಗಲ್ಲು ಬರುತ್ತಿತ್ತು. ಹೂವಿನ ಮೇಲೂ ಅವರ ಮೇಲೂ ಒಂದೇ ಸಮನೆ ಹೋಗುತ್ತಿತ್ತು. ಹಿಂದೆ ಬಂದು ನೋಡಿದರೆ ನಲುಗಿದ ಹಸಿರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆ ಮಣ್ಣಿಗೆ ರಾಗಿ ಬಿತ್ತುತ್ತಿದ್ದರು. ಸುಗ್ಗಿಯಲ್ಲಿ ಹೊಸ ರಾಗಿಯ ಅಂಬಲಿ ಕಾಯಿಸಿ, ಮೊದಲ ಬಟ್ಟಲನ್ನು ಮಲಗಿದವರ ಮನೆಯವರ ಕೈಗೆ ಕೊಟ್ಟು, ಊರೆಲ್ಲ ಸುತ್ತ ನಿಂತು ಕೇಳುತ್ತಿತ್ತು: "ಹೆಂಗೈತೆ?" ಅವರು ಕುಡಿದು "ಚೆನ್ನಾಗೈತೆ" ಅನ್ನಬೇಕು. ಅಂದ ಮೇಲೆ ಉಳಿದವರು ಉಣ್ಣುತ್ತಿದ್ದರು. ಚೆನ್ನಾಗಿಯೇ ಇರುತ್ತಿತ್ತು, ಅದೇ ನೋಡಿ ಹೊಟ್ಟೆಗೆ ಬೆಂಕಿ ಇಡುವ ಮಾತು.

ಬೇಸಿಗೆಯವರಲ್ಲೂ ಕೆಲವರ ಮೇಲೆ ಜೇನು ಕೂರುತ್ತಲೇ ಇರಲಿಲ್ಲ. ಎಷ್ಟು ಹೂದಿನ ಹೋದರೂ ಇಲ್ಲ. ಅಂಥವರನ್ನು ಒಣದಂಟು ಅನ್ನುತ್ತಿದ್ದರು, ಹೊಲದ ಚಾಕರಿ ಅವರ ಪಾಲಿಗೆ. ಬೀಜ ಬೆರೆಸುವುದಕ್ಕೆ ಒಬ್ಬಳು, ರೋಣಗಲ್ಲು ಹೊಡೆಯುವುದಕ್ಕೆ ಒಬ್ಬ, ಬೀಜದ ಬುಟ್ಟಿ ಹೆಣೆಯುವುದಕ್ಕೆ ಒಬ್ಬ. ಹಾಗಂತ ಅವರು ಪಾರಾದರು ಅಂತಲ್ಲ. ಬುಟ್ಟಿ ಹೆಣೆಯುವ ಮುದುಕನಿಗೆ ಹಲ್ಲೆಲ್ಲ ಉದುರಿದ್ದವು, ಕಣ್ಣು ಮಂಜಾಗಿತ್ತು. ಒಂದು ಹೂದಿನ ಅವನು ಬದುವಿನ ಮೇಲೆ ಕೂತು ಬುಟ್ಟಿಯ ಅಂಚು ಕಟ್ಟಿ ಮುಗಿಸಿದ. ಅದನ್ನು ಆಚೆ ಈಚೆ ತಿರುಗಿಸಿ ನೋಡಿ, ತನಗೇ ಅಂದುಕೊಂಡ, "ಚೆನ್ನಾಗೈತೆ." ಅಷ್ಟೇ ಅಂದದ್ದು. ಜೇನು ಬಂದು ಅವನ ಬೋಳುತಲೆಯ ಮೇಲೆ ಕೂತಿತು. ಪಾಪ, ಮುದುಕ ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದುಹೋಗಿ ಮಲಗಿದ.

ಅದನ್ನು ಕಣ್ಣಾರೆ ನೋಡಿದವಳು ಬೀಜ ಬೆರೆಸುವವಳು. ಅವಳನ್ನು ಊರೆಲ್ಲ ಬೆರಕೆಯವ್ವ ಅಂತ ಕರೆಯುತ್ತಿತ್ತು. ನನ್ನ ಕತೆ ಅವಳದ್ದೇ.

ಬೆರಕೆಯವ್ವ ಹೇಗೆ ಒಣದಂಟಾದಳು ಅಂದರೆ, ತಾನಾಗಿ. ಚಿಕ್ಕವಳಿದ್ದಾಗಲೇ ಅಕ್ಕಪಕ್ಕದವರು ಮಲಗಿದ್ದನ್ನು ನೋಡಿ ಅವಳಿಗೆ ಜೀವದಾಸೆ ಹುಟ್ಟಿತು. ಹೂದಿನ ಬೆಳಿಗ್ಗೆ ಒಂದು ಹಿಡಿ ಬೇವಿನೆಲೆ ಬಾಯಿಗೆ ತುರುಕಿಕೊಂಡು, ಕಹಿಯನ್ನು ಕಚ್ಚಿಹಿಡಿದು, ತನಗಾದ ಅವಮಾನಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತ ಹೂವಿನ ನಡುವೆ ನಡೆದುಬಿಡುತ್ತಿದ್ದಳು. ಜೇನು ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಅವಳಿಗೆ ಕೊಟ್ಟ ಕೆಲಸದಲ್ಲಿ ಅವಳು ಬಲು ಗಟ್ಟಿಗಿತ್ತಿ. ದಪ್ಪ ಬೀಜ ಬೇರೆ, ಸಣ್ಣ ಬೀಜ ಬೇರೆ ಮಾಡಿ, ಎಳ್ಳು ಹುಚ್ಚೆಳ್ಳನ್ನು ಮರಳಿಗೆ ಕಲಸಿ, ಒಂದೇ ಕಡೆ ಬೀಳದ ಹಾಗೆ ಬೆರೆಸುತ್ತಿದ್ದಳು. ಬೇಸಿಗೆಯ ಮಗು ಹುಟ್ಟಿದಾಗ ಹೆಸರಿಡುವವಳೂ ಅವಳೇ. ಕಣ್ಣು ಮುಚ್ಚಿ ಬೆರಕೆಯ ಬುಟ್ಟಿಗೆ ಒದ್ದೆ ಬೆರಳು ಇಳಿಸಿದರೆ ಬೆರಳಿಗೆ ಯಾವ ಬೀಜ ಅಂಟಿಕೊಂಡು ಬಂತೋ ಅದೇ ಹೆಸರು. ಹೆಸರಿಟ್ಟು, ಕೈ ತೊಳೆದುಕೊಂಡು, ಹೋಗುತ್ತಿದ್ದಳು. ಆ ಮಗುವಿನ ಮುಖ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಊರವರು ತಮಾಷೆಗೆ ಅವಳನ್ನು ರೋಣಗಲ್ಲು ಹೊಡೆಯುವವನಿಗೆ ಕೊಟ್ಟು ಮದುವೆ ಮಾಡಿದರು. ಒಣದಂಟಿಗೆ ಒಣದಂಟು ಗಂಟುಹಾಕಿದರೆ ಸೌದೆ ಹೊರೆ ಆದೀತು, ಇನ್ನೇನಾದೀತು ಅಂತ ಬಿದ್ದುಬಿದ್ದು ನಕ್ಕರು. ಅವರಿಬ್ಬರೂ ಮಾತು ಕಡಿಮೆ ಆಡಿಕೊಂಡು, ಒಂದೇ ಮಡಕೆಯಲ್ಲಿ ಬೇಯಿಸಿಕೊಂಡು ಇದ್ದರು. ಆದರೆ ಒಂದು ಬೇಸಿಗೆ ಬೆರಕೆಯವ್ವ ಹೆಣ್ಣು ಹೆತ್ತಳು.

ಊರ ಯಜಮಾನ ತಾನೇ ತುಪ್ಪದ ಗಿಂಡಿ ಹಿಡಿದುಕೊಂಡು ಬಂದ. "ಬೆರಕೆಯವ್ವಾ, ನಿನ್ನ ಹೊಟ್ಟೇಲೇ ಬೇಸಿಗೆ ಬೀಜ! ನಮ್ಮ ಮಣ್ಣಿನ ಪುಣ್ಯ ಕಣವ್ವ. ಹೆಸರಿಡು."

ಅವಳು ಕಣ್ಣು ಮುಚ್ಚಿ ಬುಟ್ಟಿಗೆ ಬೆರಳಿಳಿಸಿದಳು. ಬೆರಳಿಗೆ ಅಂಟಿಕೊಂಡು ಬಂದದ್ದು ಒಂದು ಕಪ್ಪು ಸಣ್ಣ ಹುಚ್ಚೆಳ್ಳು. ಬೆರಕೆಯಲ್ಲೆಲ್ಲ ಜೇನಿಗೆ ಅಚ್ಚುಮೆಚ್ಚಿನದು ಅದೇ. ಮೊದಲ ಸಲ ಅವಳು ಹೆಸರಿಟ್ಟ ಮಗುವಿನ ಮುಖ ನೋಡಿದಳು. ನೋಡಿದ್ದೇ ತಪ್ಪಾಯಿತು.

ಊರು ಬಿಟ್ಟು ಓಡಿಹೋಗಬಾರದಿತ್ತೇ ಅಂತೀರಾ? ಹೋದಳು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂಡೆ ಹತ್ತಿ ಆಚೆ ಇಳಿದಳು. ಇಳಿದಲ್ಲಿ ಅದೇ ಹೊಲ, ಅದೇ ಬದು, ಅದೇ ಯಜಮಾನ ಜಗಲಿಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ. "ಬಿಸಿಲಲ್ಲಿ ಎಲ್ಲಿಗವ್ವ ಹೋಗಿದ್ದೆ? ಕೂಸು ಬಾಡೋದ್ರೆ ಏನ್ ಗತಿ?" ಅಂದ. ಆ ಊರಿನಿಂದ ಹೊರಟ ದಾರಿಯೆಲ್ಲ ಆ ಊರಿಗೇ ಬರುತ್ತಿತ್ತು.

ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ. ಹೂದಿನ ಬೆರಕೆಯವ್ವ ಅವಳನ್ನು ಎತ್ತಿಕೊಂಡು, ಬೇವು ಕಚ್ಚಿಕೊಂಡು, ಹೊಲ ದಾಟಿ ಆಚೆ ಬದು ಮುಟ್ಟಿದ್ದಳು. ಜೇನು ಕೂತಿರಲಿಲ್ಲ. ಬದುಕಿದೆ ಅಂತ ಉಸಿರು ಬಿಟ್ಟಳು. ಅಪ್ಪ ಎತ್ತು ಕಟ್ಟುತ್ತಿದ್ದ. ಅವನ ರುಮಾಲಿನ ಅಂಚಿಗೆ ಒಂದು ಹಳದಿ ಹೂ ಸಿಕ್ಕಿಕೊಂಡು ಕಿವಿಯ ಮೇಲೆ ಜೋತಾಡುತ್ತಿತ್ತು. ಅದನ್ನು ಕಂಡು ಮಗು ಕಿಲಕಿಲ ನಕ್ಕಿತು. ಅಪ್ಪ ತಿರುಗಿದ. ಅವನ ಜೀವಮಾನದಲ್ಲಿ ಯಾರೂ ಅವನನ್ನು ನೋಡಿ ಹಾಗೆ ನಕ್ಕಿರಲಿಲ್ಲ. ರೋಣಗಲ್ಲು ಹೊಡೆಯುವವನನ್ನು ಕಂಡರೆ ಮಕ್ಕಳು ಬಾಗಿಲ ಸಂದಿಗೆ ಸೇರಿಕೊಳ್ಳುತ್ತಿದ್ದವು. ಅವನೂ ನಕ್ಕುಬಿಟ್ಟ, ಬಾಯಿತುಂಬ.

ಜೇನು ಬಂದು ಅವನ ಕೆನ್ನೆಯ ಮೇಲೆ ಕೂತಿತು.

ಅವನು ಬಾರುಕೋಲನ್ನು ಪಕ್ಕದವನ ಕೈಗೆ ಕೊಟ್ಟ. ಹೆಂಡತಿಯ ಹತ್ತಿರ ಬಂದು, "ಇವಳ್ನ ಉಳಿಸ್ಕೋ. ಹೆಂಗಾದ್ರೂ ಮಾಡಿ ಉಳಿಸ್ಕೋ," ಅಂದ. ಹೋಗಿ ಮಲಗಿದ. ತಾನು ಅಷ್ಟು ವರ್ಷ ಉರುಳಿಸಿದ ಕಲ್ಲನ್ನು ಅವನು ಅವತ್ತೇ ಮೊದಲು ಕೆಳಗಿನಿಂದ ನೋಡಿದ್ದು.

ಆ ಸುಗ್ಗಿಯಲ್ಲಿ ಮೊದಲ ಬಟ್ಟಲು ಬೆರಕೆಯವ್ವನಿಗೆ ಬಂತು. "ಹೆಂಗೈತೆ?" ಅಂದರು. ನಾಲಿಗೆಗೆ ಸೋಕಿಸದೆ ನುಂಗಿ, "ಚೆನ್ನಾಗೈತೆ," ಅಂದಳು.

ಅವಳಿಗೆ ಒಂದು ಮಾತು ಅವತ್ತೇ ಖಚಿತವಾಯಿತು. ಈ ಹುಡುಗಿಯನ್ನು ಉಳಿಸಬೇಕಾದರೆ ಅರಳಗೊಡಬಾರದು. ಮೊಗ್ಗು ಕಂಡಲ್ಲೇ ಚಿವುಟಬೇಕು. ಊರು ತುಪ್ಪ ಕೊಟ್ಟರೆ ಅವಳು ಅದನ್ನು ದೀಪಕ್ಕೆ ಸುರಿದಳು. ಹೊಸ ಬಟ್ಟೆ ಕೊಟ್ಟರೆ ಬೂದಿನೀರಿಗೆ ಅದ್ದಿ ಉಡಿಸಿದಳು. ಹುಡುಗಿ ಅಂಗಳದಲ್ಲಿ ರಂಗೋಲಿ ಎಳೆದರೆ ಕಾಲಲ್ಲಿ ಒರೆಸಿದಳು. ಕುರಿಮರಿಯೊಂದನ್ನು ತಬ್ಬಿಕೊಂಡು ಬಂದರೆ ಅದರ ಕಿವಿ ಹಿಡಿದು ಆಚೆ ಅಟ್ಟಿದಳು. ನಕ್ಕರೆ ಗದರಿಕೆ, ಹಾಡಿದರೆ ಏಟು. ಬೇಸಿಗೆಯ ಮಗುವನ್ನು ಹೊಡೆಯುವಂತಿಲ್ಲ ಅಂದೆನಲ್ಲ, ಅದಕ್ಕೇ ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದಳು.

"ಯಾಕವ್ವಾ ಹೊಡೀತೀಯ?" ಅಂತ ಹುಡುಗಿ ಕೇಳುತ್ತಿದ್ದಳು. "ನಾನೇನು ಮಾಡ್ದೆ?"

"ಹಲ್ಲು ಕಿರೀಬ್ಯಾಡ ಅಂತ ಎಷ್ಟು ಸಲ ಹೇಳಿಲ್ಲ? ನಿನ್ನ ಮೋರೆಗೆ ನಗು ಒಪ್ಪಾಕಿಲ್ಲ ಕಣೆ."

ಹಾಗಂದು ಹಿತ್ತಿಲಿಗೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದಳು. ಹೋಗಿ ತಬ್ಬಿಕೊಂಡು, ನೀನು ನನ್ನ ಚಿನ್ನ ಕಣೆ, ನಿನ್ನಂಥ ನಗು ಈ ಭೂಮಿ ಮೇಲೆ ಇಲ್ಲ ಕಣೆ ಅನ್ನಬೇಕು ಅನಿಸುತ್ತಿತ್ತು. ಅಂದರೆ ಮಗು ಅರಳುತ್ತದೆ. ಅರಳಿದರೆ ಜೇನು. ಬೆರಕೆಯವ್ವ ಮತ್ತೆ ಒಳಗೆ ಬಂದು ಹುಡುಗಿಯ ಜಡೆಯನ್ನು ಇನ್ನೂ ಬಿಗಿಯಾಗಿ ಎಳೆದು ಕಟ್ಟುತ್ತಿದ್ದಳು.

ಆದರೂ ಹುಚ್ಚೆಳ್ಳಿಗೆ ಒಬ್ಬ ಗೆಳತಿ ಸಿಕ್ಕಳು. ಅದೇ ಬೀದಿಯ ಬೇಸಿಗೆ ಹುಡುಗಿ, ಅಲಸಂದೆ. ಹೆಸರಿನ ಬಳ್ಳಿಯ ಹಾಗೇ ಸಿಕ್ಕವರನ್ನು ತಬ್ಬಿಕೊಳ್ಳುವ ಪೋರಿ. ಯಜಮಾನ ಪಂಚೆ ಎತ್ತಿ ಕೆಸರು ದಾಟುವುದು, ಅವನ ಹೆಂಡತಿ ಸೀನುವುದು, ಬೆರಕೆಯವ್ವ ಗದರುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಹುಚ್ಚೆಳ್ಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇವಳಿಗೂ ಒಂದು ಹುಚ್ಚಿತ್ತು. ಕುಂಬಳದ ಎಲೆಯ ದಂಟು ಸೀಳಿ ಪೀಪಿ ಮಾಡಿ ಊದುವುದು. ಎಲ್ಲ ಮಕ್ಕಳೂ ಊದುತ್ತಾರೆ, ಪೀ ಅನ್ನುತ್ತದೆ, ಮುಗಿಯಿತು. ಇವಳು ಊದಿದರೆ ಹಾಗಲ್ಲ. ಹಟ್ಟಿಗೆ ಹೋಗುವ ಹಸುಗಳು ದಾರಿಯಲ್ಲೇ ನಿಂತುಬಿಡುತ್ತಿದ್ದವು.

"ಏನೇ ಅದು ಕಿವಿ ಕೊರೆಯೋದು? ನರಿ ಊಳಿಟ್ಟ ಹಂಗೈತೆ," ಅಂತ ಬೆರಕೆಯವ್ವ ಪೀಪಿ ಕಿತ್ತು ತುಳಿದಳು. ತುಳಿಯುವಾಗ ಅವಳ ಕೈ ಅವಳಿಗೆ ತಿಳಿಯದೆ ಎದೆಯ ಮೇಲಿತ್ತು. ಅಷ್ಟು ಚಂದ ಊದಿದ್ದಳು ಹುಡುಗಿ.

ಮುಂದಿನ ಹೂದಿನ ಅಲಸಂದೆ ಹೊಲ ದಾಟುತ್ತ, ಹಿಂದೆ ಬರುತ್ತಿದ್ದ ಹುಚ್ಚೆಳ್ಳಿನ ಗಂಟುಮೋರೆ ನೋಡಿ, ಅವಳನ್ನು ನಗಿಸಬೇಕು ಅಂತ ಯಜಮಾನನ ನಡಿಗೆ ನಡೆದಳು. ತನ್ನ ನಡಿಗೆಗೆ ತನಗೇ ನಗು ಉಕ್ಕಿ ಬಂತು. ಜೇನು ಅವಳ ಮೂಗಿನ ತುದಿಯ ಮೇಲೆ ಕೂತಿತು. ಹುಡುಗಿ ಹೆದರಲಿಲ್ಲ. ಬೇಸಿಗೆಯ ಮಕ್ಕಳಿಗೆ ಹೆದರುವುದನ್ನು ಯಾರು ಕಲಿಸಿದ್ದರು? ಮಲಗುವ ಮುಂಚೆ ಕೈ ಬೀಸಿ, "ಬತ್ತೀನಿ ಕಣೆ," ಅಂದಳು.

ಹುಚ್ಚೆಳ್ಳು ಬಿಕ್ಕಿದಳು. ಬೆರಕೆಯವ್ವ ಅವಳ ತೋಳು ಹಿಡಿದು ದರದರ ಎಳೆದುಕೊಂಡು ಬಂದಳು. "ಅಳಬ್ಯಾಡ! ಅಳೋದೂ ಅರಳೋದೇ. ಒಣಗಿದವರಿಗೆ ಕಣ್ಣೀರು ಎಲ್ಲಿಂದ ಬತ್ತದೆ? ಕಣ್ಣು ಒರೆಸ್ಕೋ. ಒರೆಸ್ಕೊಳ್ಳೇ!" ಅಂತ ತನ್ನ ಒರಟು ಸೆರಗಿನಿಂದ ಕಣ್ಣು ಕೆಂಪಾಗುವವರೆಗೆ ತಾನೇ ತಿಕ್ಕಿದಳು.

ಆ ವರ್ಷವೆಲ್ಲ ಹುಚ್ಚೆಳ್ಳು ಮನೆಯಲ್ಲಿ ಮಾತಾಡಲಿಲ್ಲ. ಆದರೆ ಸಂಜೆ ಸಂಜೆ ದೊಡ್ಡ ಹೊಲದ ಬದುವಿಗೆ ಹೋಗಿ, ಅಲಸಂದೆ ಮಲಗಿದ ಕಡೆಗೆ ಮುಖ ಮಾಡಿ ಪೀಪಿ ಊದುತ್ತಿದ್ದಳು. ಮೊದಲಿನ ಊದುವಿಕೆ ಆಟದ್ದು. ಇದು ಹಾಗಿರಲಿಲ್ಲ. ಇದನ್ನು ಕೇಳಿ ಒನಕೆ ಹಿಡಿದವರು ಒನಕೆ ನಿಲ್ಲಿಸುತ್ತಿದ್ದರು, ಜಗಳವಾಡುವವರು ಮಾತು ಮರೆಯುತ್ತಿದ್ದರು. ಹೆಂಗಸರು ಕೊಡ ಇಳಿಸಿ ಒಬ್ಬರ ಮುಖ ಒಬ್ಬರು ನೋಡಿ, "ಈ ಸಲ ಹುಚ್ಚೆಳ್ಳು ಹೂ ಬಿಡ್ತದೆ ಬಿಡು," ಅಂತ ಸಂತೋಷಪಟ್ಟರು. ಅವರ ಕಣ್ಣಲ್ಲಿ ನೀರೂ ಇತ್ತು. ರಾಗಿ ಎಷ್ಟು ಹುಲುಸಾಗಿ ಬಂದೀತು ಅಂತ ಲೆಕ್ಕವೂ ಇತ್ತು.

ಬೆರಕೆಯವ್ವ ಯಜಮಾನನ ಜಗಲಿಗೆ ಹೋಗಿ ಅವನ ಕಾಲು ಹಿಡಿದಳು. "ಯಜಮಾನ್ರೇ, ಈ ಸಲ ಅವಳ್ನ ನಡೆಸಬ್ಯಾಡಿ. ಅವಳ ಬದಲು ನಾನು ಮಲಗ್ತೀನಿ."

"ಏಳವ್ವ, ಏಳು," ಅಂತ ಯಜಮಾನ ತಾನೇ ಬಗ್ಗಿ ಎಬ್ಬಿಸಿದ. ಒಳಗಿನಿಂದ ಬೆಲ್ಲ ನೀರು ತರಿಸಿದ. "ನೀನು ಮಲಗಿ ಏನುಪಯೋಗ? ಒಣಕಡ್ಡಿ ಮಣ್ಣಿಗೆ ಹಾಕಿದ್ರೆ ಗೆದ್ದಲು ಬತ್ತದೆ. ನೀನು ತಿಳಿದೋಳು. ಇಷ್ಟು ವರ್ಷ ಎಲ್ಲರ ಮಕ್ಕಳ ಬೀಜಾನೂ ಬೆರೆಸಿದ್ದು ನೀನೇ ಅಲ್ವಾ? ಒಂದು ಬೀಜ ನಂದು ಅಂತ ತೆಗೆದಿಟ್ಕೊಂಡ್ರೆ ಅದು ಬೆರಕೆ ಹೆಂಗಾಯ್ತದೆ?"

ಯಜಮಾನನ ಹಿರಿಮಗಳಿಗೂ ಬೆರಕೆಯವ್ವನೇ ಹೆಸರಿಟ್ಟಿದ್ದಳು. ಸಜ್ಜೆ ಅಂತ. ಅವಳು ಮಲಗಿ ಬಹಳ ವರ್ಷವಾಗಿತ್ತು. ಬೆರಕೆಯವ್ವ ಬೆಲ್ಲ ನೀರು ಕುಡಿದು ಎದ್ದು ಬಂದಳು.

ಹೂದಿನ ಬೆಳಗಾಯಿತು. ಹೊಲ ಹಳದಿಗೆ ತಿರುಗಿತ್ತು, ಬಂಡೆಯಿಂದ ಜೇನು ಹೊಗೆಯ ಹಾಗೆ ಇಳಿಯುತ್ತಿತ್ತು. ಹುಚ್ಚೆಳ್ಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದಳು. ಅವ್ವ ಬೇಡವೆಂದರೂ ಊರ ಹೆಂಗಸರು ಬಂದು ಬಾಚಿದ್ದರು. ಅವಳ ಸೊಂಟದಲ್ಲಿ ಪೀಪಿ ಸಿಕ್ಕಿಸಿತ್ತು. ಮುಖ ಶಾಂತವಾಗಿತ್ತು. ಆ ಮುಖ ನೋಡಿ ಬೆರಕೆಯವ್ವ ಬೇವಿನೆಲೆ ಮುಂದೆ ಚಾಚಿದಳು. ಹುಡುಗಿ ಬೇಡ ಅಂದಳು. "ಅಲಸಂದೆ ತಾವ ಹೋಗ್ತೀನವ್ವ. ಊದ್ಕೊಂಡು ಹೋಗ್ತೀನಿ. ಇವತ್ತಾದ್ರೂ ಬೈಬ್ಯಾಡ."

ಬೇವಿಗಿಂತ ಕಹಿಯಾದದ್ದು ಬೆರಕೆಯವ್ವನ ಹತ್ತಿರ ಇನ್ನೊಂದಿತ್ತು. ಅಷ್ಟು ವರ್ಷ ಅದನ್ನು ಆಡಿರಲಿಲ್ಲ. ಅವತ್ತು ಆಡಿದಳು.

"ನಿನ್ನಪ್ಪನ್ನ ಕೊಂದದ್ದು ಆ ಕಲ್ಲು ಅಂದ್ಕೊಂಡಿದ್ದೀಯಾ? ಅಲ್ಲ. ನಿನ್ನ ನಗು. ಸೊಂಟದ ಮೇಲೆ ಕೂತು ಕಿಲಕಿಲ ಅಂದೆ, ಅವನು ಸತ್ತ. ಅಲಸಂದೆ ನಿನ್ನ ನಗಿಸೋಕೆ ಹೋಗಿ ಸತ್ತಳು. ನೀನು ಯಾರನ್ನ ಹಚ್ಚಿಕೊಂಡ್ರೂ ಅಷ್ಟೇಯ. ಊದ್ತೀಯಾ? ಊದು. ಇನ್ಯಾರು ಸಾಯಬೇಕೋ ಸಾಯಲಿ."

ಹುಡುಗಿ ಅವ್ವನ ಮುಖ ನೋಡಿದಳು. "ಹೌದಾ ಅವ್ವಾ?"

ಸುಳ್ಳು ಅನ್ನಬಹುದಿತ್ತು. ಒಂದು ಮಾತು, ಅಷ್ಟೇ. "ಹೌದು," ಅಂದಳು ಬೆರಕೆಯವ್ವ.

ಹುಚ್ಚೆಳ್ಳು ಸೊಂಟದ ಪೀಪಿ ತೆಗೆದು ನೆಲಕ್ಕೆ ಹಾಕಿದಳು. ಸಿಟ್ಟಿನಿಂದ ಎಸೆಯಲಿಲ್ಲ, ಸಿಪ್ಪೆ ಹಾಕುವಂತೆ ಹಾಕಿದಳು. ಹೊಲಕ್ಕೆ ಇಳಿದಳು. ಒಂದು ಜೇನು ಅವಳನ್ನು ಕಂಡು ಹೂ ಬಿಟ್ಟು ಎದ್ದು ಬಂತು. ಅವಳ ಹಣೆಯ ಮುಂದೆ ತೂಗಿತು, ತುಟಿಯ ಹತ್ತಿರ ಇಳಿಯಿತು. ಜೇನು ಅಲ್ಲೇ ಸ್ವಲ್ಪ ಹೊತ್ತು ಸುತ್ತಿ, ತಪ್ಪು ಮನೆಗೆ ಬಂದಂತೆ ತಿರುಗಿ, ಪಕ್ಕದ ಗಿಡದ ಹುಚ್ಚೆಳ್ಳಿನ ಹೂವಿಗೆ ಹೋಗಿ ಕೂತಿತು. ಹುಡುಗಿ ಆಚೆ ಬದು ಹತ್ತಿದಳು. ಬೆರಕೆಯವ್ವ ಮಣ್ಣಿಗೆ ಹಣೆಯಿಟ್ಟಳು. ಉಳಿಯಿತು, ನನ್ನ ಕೂಸು ಉಳಿಯಿತು ಅಂತ ಹಲ್ಲು ಕಚ್ಚಿಕೊಂಡು ಒಳಗೊಳಗೇ ಕೂಗಿದಳು.

ಹೌದಾ ಅವ್ವಾ ಅಂತ ಕೇಳಿದ್ದೇ ಕೊನೆ, ಹುಚ್ಚೆಳ್ಳು ಅವಳನ್ನು ಮತ್ತೆ ಅವ್ವಾ ಅಂತ ಕರೆಯಲಿಲ್ಲ.

ಆಮೇಲಿನ ಹೂದಿನಗಳಲ್ಲಿ ಜೇನು ಅವಳನ್ನು ತಿರುಗಿಯೂ ನೋಡಲಿಲ್ಲ. ಊರು ಸ್ವಲ್ಪ ಬೇಜಾರು ಮಾಡಿಕೊಂಡು, ಆಮೇಲೆ ಅವಳನ್ನು ಒಣದಂಟು ಅಂತ ಒಪ್ಪಿಕೊಂಡಿತು. ಅವಳಪ್ಪ ಹೋದ ಮೇಲೆ ರೋಣಗಲ್ಲು ಹೊಡೆಯಲು ನೆಟ್ಟಗೆ ಯಾರೂ ಸಿಕ್ಕಿರಲಿಲ್ಲ. ಒಬ್ಬ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಇನ್ನೊಬ್ಬನ ಕೈ ನಡುಗಿ ಸಾಲು ಸೊಟ್ಟಗಾಗುತ್ತಿತ್ತು. ಯಜಮಾನ ಬಾರುಕೋಲನ್ನು ಹುಚ್ಚೆಳ್ಳಿನ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು. ಎತ್ತಿಗೆ ಹೋ ಅನ್ನುವುದೂ ಇಲ್ಲ, ನಾಲಿಗೆ ಚಟಕಿಸುವುದೂ ಇಲ್ಲ. ಕಲ್ಲು ನೇರ ಹೋಗುತ್ತಿತ್ತು, ಬದು ಮುಟ್ಟಿ ತಿರುಗುತ್ತಿತ್ತು, ಒಂದು ಗಿಡವನ್ನೂ ನಿಲ್ಲಗೊಡುತ್ತಿರಲಿಲ್ಲ. ಮಲಗಿದವರು ಎಳೆಯರಿರಲಿ ಮುದುಕರಿರಲಿ, ಅವಳ ಹೆಜ್ಜೆ ಅದೇ ಹೆಜ್ಜೆ. "ಇಂಥ ಕೈ ನಾ ಕಂಡಿಲ್ಲ," ಅಂತ ಯಜಮಾನ ಮೆಚ್ಚಿದ. ಮಕ್ಕಳು ಅವಳನ್ನು ಕಂಡರೆ ಬಾಗಿಲ ಸಂದಿಗೆ ಸೇರಿಕೊಂಡವು.

ಅವ್ವನೂ ಮಗಳೂ ಒಂದೇ ಮಡಕೆಯಲ್ಲಿ ಬೇಯಿಸಿಕೊಂಡು ಇದ್ದರು. ಮಾತಿಲ್ಲ. ಬೆರಕೆಯವ್ವನ ಕೂದಲು ಹಣ್ಣಾಯಿತು, ಬೆನ್ನು ಬಾಗಿತು. ಬೀಜ ಬೆರೆಸುವಾಗ ಕೈ ಮಾತ್ರ ಮೊದಲಿನಂತೆ ಓಡಾಡುತ್ತಿತ್ತು. ಹಲ್ಲು ಹೋದ ಮೇಲೆ ಬೇವಿನೆಲೆ ಕಚ್ಚುವುದನ್ನೂ ಬಿಟ್ಟಳು. ಒಣಗಿ ಸೌದೆಯಾದವಳಿಗೆ ಅದೆಲ್ಲ ಇನ್ಯಾಕೆ ಅಂದುಕೊಂಡಳು. ಬುಟ್ಟಿಯ ಮುದುಕನನ್ನು ಅವಳು ಮರೆಯಬಾರದಿತ್ತು.

ಆ ವರ್ಷ ಬೆರಕೆ ಎದೆಯೆತ್ತರ ಬಂದಿತ್ತು. ಬೇಸಿಗೆಯವರು ನಡೆದು ಮುಗಿಸಿದ್ದರು, ಆ ಸಲ ಯಾರ ಮೇಲೂ ಜೇನು ಕೂತಿರಲಿಲ್ಲ. ಬೆರಕೆಯವ್ವ ಖಾಲಿ ಬುಟ್ಟಿ ಮಗ್ಗುಲಲ್ಲಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಹುಚ್ಚೆಳ್ಳು ಎತ್ತು ಕಟ್ಟುತ್ತಿದ್ದಳು. ಬಿಸಿಲು ಅವಳ ಹೆಗಲಿನ ಮೇಲೆ ಬಿದ್ದಿತ್ತು. ಅಗಲ ಹೆಗಲು, ಗಟ್ಟಿ ತೋಳು, ನೆಟ್ಟಗಿನ ಬೆನ್ನು. ಅಲ್ಲೊಂದು ಇಲ್ಲೊಂದು ಬಿಳಿಗೂದಲು. ಬೇಸಿಗೆಯಲ್ಲಿ ಹುಟ್ಟಿದ ಹೆಣ್ಣಿಗೆ ಬಿಳಿಗೂದಲು! ಅವಳ ಜೊತೆ ಹುಟ್ಟಿದವರೆಲ್ಲ ಮಣ್ಣಾಗಿ, ರಾಗಿಯಾಗಿ, ಅಂಬಲಿಯಾಗಿ ಮುಗಿದುಹೋಗಿದ್ದರು. ಇವಳಿದ್ದಳು. ಮುದುಕಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಉಳಿಸಿಕೋ ಅಂದಿದ್ದ ಗಂಡ. ಉಳಿಸಿದ್ದಳು. ಅವಳ ತುಟಿ ತಾನಾಗಿ ಆಡಿತು.

"ಚೆನ್ನಾಗೈತೆ."

ಜೇನು ಬಂದು ಅವಳ ಸುಕ್ಕುಗಟ್ಟಿದ ಮುಂಗೈಯ ಮೇಲೆ ಕೂತಿತು.

ಹೆಂಗಸರು ಬಂದರು, ಬಹಳ ಅಕ್ಕರೆಯಿಂದ. ಒಬ್ಬಳು ಅವಳ ಕಾಲಿಗೆ ಅರಿಶಿನ ಹಚ್ಚಿದಳು, ಒಬ್ಬಳು ಬಾಯಿಗೆ ತುಪ್ಪ ಬಿಟ್ಟಳು. ಯಜಮಾನನೂ ಈಗ ಮುದುಕ, ಕೋಲೂರಿಕೊಂಡು ಬಂದು, "ನೋಡವ್ವ, ಒಣಕಡ್ಡಿ ಅಂದಿದ್ದೆ, ನನ್ನ ಮಾತು ಸುಳ್ಳಾಯ್ತು," ಅಂತ ಕೈಮುಗಿದ. ಬೆರಕೆಯವ್ವ ಹೂವಿನ ನಡುವೆ ಹೋಗಿ ಮಲಗಿದಳು. ಮಣ್ಣು ಬೆನ್ನಿಗೆ ತಣ್ಣಗಿತ್ತು.

ಮಗಳು ಎತ್ತು ತಿರುಗಿಸಿಕೊಂಡು ಬಂದಳು. ಬಂದವಳು ನಿಂತಳು. ಅವಳು ಯಾವತ್ತೂ ನಿಂತವಳಲ್ಲ. ಜೇನು ಇನ್ನೂ ಹೊಲದಲ್ಲೇ ಇತ್ತು, ಸುತ್ತಮುತ್ತ ಗುಂಯ್‌ಗುಟ್ಟುತ್ತಿತ್ತು. ಈಗ ಹುಡುಗಿಯ ಕಣ್ಣು ಒದ್ದೆಯಾದರೆ? ಇಷ್ಟು ವರ್ಷ ಒಣಗಿಸಿದ್ದೆಲ್ಲ ಒಂದು ಹನಿಯಲ್ಲಿ ಹೋದರೆ? ಇದ್ದಬದ್ದ ದನಿಯೆಲ್ಲ ಕೂಡಿಸಿ ಬೆರಕೆಯವ್ವ ಗದರಿದಳು. "ಏನೇ ಮೋರೆ ನೋಡ್ತಾ ನಿಂತಿದ್ದೀಯ? ಹೊಡಿ ಎತ್ತ!"

ಗದರಿ, ಮಗಳ ಕಣ್ಣನ್ನೇ ನೋಡಿದಳು. ಬೇಡ, ಬರಬೇಡ ಅಂತ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಇನ್ನೊಂದು ಮನಸ್ಸು, ಅಯ್ಯೋ, ಹೆತ್ತವಳ ಮನಸ್ಸು, ಒಂದು ಹನಿಗೆ ಬಾಯಿಬಿಡುತ್ತಿತ್ತು. ಒಂದೇ ಒಂದು ಹನಿ, ತನ್ನ ಪಾಲಿಗೆ.

ಹುಚ್ಚೆಳ್ಳು ನಿಂತದ್ದು ಎತ್ತಿನ ಕೊರಳ ಹಗ್ಗ ಸಡಿಲವಾಗಿದ್ದಕ್ಕೆ. ಬಿಗಿದು ಕಟ್ಟಿದಳು. ಬಾರುಕೋಲು ಎತ್ತಿದಳು. ಅವಳ ಕಣ್ಣು ಒಣಗಿತ್ತು. ಕಲ್ಲು ನೇರ ಹೋಯಿತು, ಬದು ಮುಟ್ಟಿತು, ತಿರುಗಿತು.

ಆ ವರ್ಷದ ರಾಗಿಯ ತೆನೆ ಹಿಡಿ ತುಂಬುತ್ತಿತ್ತು. ಸುಗ್ಗಿಯ ಹೊತ್ತಿಗೆ ಹೆಜ್ಜೇನು ಬಂಡೆ ಬಿಟ್ಟು ಹೋಗಿಯಾಗಿತ್ತು. ಹೊಲದಲ್ಲಿ ಒಂದು ಹೂವೂ ಇರಲಿಲ್ಲ. ನಗಬಹುದಾದ, ಅಳಬಹುದಾದ ಕಾಲ ಅದು, ಯಾರಿಗೂ ಏನೂ ಆಗುತ್ತಿರಲಿಲ್ಲ. ಅಂಬಲಿಯ ಮೊದಲ ಬಟ್ಟಲನ್ನು ಹುಚ್ಚೆಳ್ಳಿನ ಕೈಗೆ ಕೊಟ್ಟು ಊರೆಲ್ಲ ಸುತ್ತ ನಿಂತಿತು.

"ಹೆಂಗೈತವ್ವಾ?"

ಅವಳು ಒಂದು ಗುಟುಕು ಕುಡಿದಳು. ಬಾಯಲ್ಲಿ ಆಡಿಸಿ ನೋಡಿದಳು.

"ಉಪ್ಪು ಕಮ್ಮಿ," ಅಂದಳು.

ಯಾರೋ ಓಡಿಹೋಗಿ ಉಪ್ಪು ತಂದರು. ಅವಳು ಚಿಟಿಕೆ ಹಾಕಿ, ಬೆರಳಲ್ಲಿ ಕದಡಿ, ಬಟ್ಟಲು ಖಾಲಿಯಾಗುವವರೆಗೆ ಕುಡಿದು, ಇನ್ನೊಂದು ಬಟ್ಟಲಿಗೆ ಕೈ ಚಾಚಿದಳು.